ಯಾವ ವಿಲಿಯಂ ಫ್ಲೆಟ್

ಹಲೋ? ಯಾರು ಮಾತಾಡೋದು?

…

ಯಾರು? ಸ್ವಲ್ಪ ಜೋರಾಗಿ ಹೇಳಿ. ಕಿಟಕಿ ಗಾಜು ಮಾರೋರಾದ್ರೆ ನಂಗೆ ಬೇಡ. ಹೋದ ವಾರ ಒಬ್ಬ ಹೀಗೇ ಫೋನ್ ಮಾಡಿದ್ದ. ನಾನು ಮಾತಾಡ್ತಾ ಮಾತಾಡ್ತಾ ಕೊನೆಗೆ ಅವನೇ ಸುಸ್ತಾಗಿ ಇಟ್ಟುಬಿಟ್ಟ.

…

ಎಡಿನ್‌ಬರೋದಿಂದಾನಾ? ದಾಖಲೆಮನೆಯಿಂದ? ಅಯ್ಯೋ, ಒಂದ್ನಿಮಿಷ ಇರಮ್ಮ, ರೇಡಿಯೋ ಆರಿಸಿ ಬರ್ತೀನಿ. ಇಟ್ಟುಬಿಡಬೇಡ, ಆಯ್ತಾ…

…

ಹಾಂ, ಬಂದೆ. ಹೇಳು. ಹೌದು, ನಾನೇ ನೆಟ್ಟಾ ಪಿರೀ. ಸ್ಕಾರ್‌ಹೇವನ್ನಿಂದ ನಿಮಗೆ ಕಾಗದ ಬರೆದೋಳು ನಾನೇ. ನಿನ್ನ ಹೆಸರೇನಂದೆ?

…

ಮಿಸ್ ಡ್ರೈಸ್‌ಡೇಲ್. ಒಳ್ಳೇದು. ಎಷ್ಟು ವಯಸ್ಸಮ್ಮ ನಿಂಗೆ? ದನಿ ಕೇಳಿದ್ರೆ ಇನ್ನೂ ಹುಡುಗಿ ಥರ ಇದೆ.

…

ಇಪ್ಪತ್ತಾರು. ನಂಗೆ ಅರವತ್ತೆಂಟು. ಇಡೀ ದಿನ ಹಳೇ ಕಾಗದದ ಧೂಳು ಕುಡೀತಾ ಕೂತ್ಕೋತೀಯಲ್ಲ, ಬೇಜಾರಾಗಲ್ವಾ? ಹೋಗ್ಲಿ, ನಂದೇನು ಕಡಿಮೆ, ಮೂವತ್ತು ವರ್ಷ ಮೀನು ಸೀಳ್ತಾ ಕೂತಿದ್ದೆ. ನಿಂಗೆ ವಾಸನೆಯಾದ್ರೂ ಇಲ್ಲ.

…

ಸಿಕ್ತಾ? ಏನು ಸಿಕ್ತು? ನಿಧಾನಕ್ಕೆ ಹೇಳು, ನಾನು ಕೂತ್ಕೋತೀನಿ.

…

ತಗಡಿನ ಪೆಟ್ಟಿಗೆ. ಹಾಂ, ಗೊತ್ತು. ಬಕಿ ಊರಿನ ಆ ವಕೀಲರ ಆಫೀಸಲ್ಲಿ ಕಪ್ಪು ಬಣ್ಣದ ಪೆಟ್ಟಿಗೆ ಸೂರಿನ ತನಕ ಜೋಡಿಸಿದ್ರು. ಒಂದೊಂದು ಮನೆಗೆ ಒಂದೊಂದು. ಮುದುಕ ಸತ್ತು ಆಫೀಸು ಮುಚ್ಚಿದಾಗ ಎಲ್ಲಾ ನಿಮ್ಮಲ್ಲಿಗೆ ಬಂತು ಅಂತ ಪೇಪರಲ್ಲಿ ಓದಿದೆ. ಅದಕ್ಕೇ ಬರೆದಿದ್ದು. ಅದರಲ್ಲಿ ಏನಿದೆ?

…

ಮದುವೆ ಪತ್ರ…

…

ಇಲ್ಲ ಇಲ್ಲ, ಇದೀನಿ. ಒಂದು ಗಳಿಗೆ ಇರು, ಕನ್ನಡಕ ಒರೆಸ್ಕೋತೀನಿ.

…

ಹಾಂ. ಏನಿಲ್ಲಮ್ಮ. ಅಮ್ಮ ಸಾಯೋವರೆಗೂ ಹೇಳ್ತಿದ್ಲು, ಕಾಗದ ಇದೆ, ಎಲ್ಲೋ ಇದೆ ಅಂತ. ಊರಲ್ಲಿ ಒಬ್ಬರೂ ನಂಬಲಿಲ್ಲ. ನಿಜ ಹೇಳ್ಬೇಕಂದ್ರೆ ನಾನೂ ಎಷ್ಟೋ ಸಲ ನಂಬಲಿಲ್ಲ. ಓದು, ಇರೋ ಹಾಗೇ ಓದು.

…

ನಲವತ್ತನೇ ಇಸವಿ ಜೂನ್. ಹೂಂ, ಸರಿ ಹೋಯ್ತು, ನಾನು ಹುಟ್ಟಿದ್ದು ಮುಂದಿನ ಫೆಬ್ರವರಿ. ಇಬ್ಬರು ಸಾಕ್ಷಿಗಳ ಮುಂದೆ ಗಂಡ ಹೆಂಡತಿ ಅಂತ ಒಪ್ಪಿಕೊಂಡರು… ಹೌದಮ್ಮ, ಆಗ ಅಷ್ಟೇ ಸಾಕಿತ್ತು ನಮ್ಮಲ್ಲಿ. ಪಾದ್ರಿ ಬೇಡ, ಚರ್ಚು ಬೇಡ. ಅಡುಗೆಮನೆ ಮೇಜಿನ ಮುಂದೆ ನಿಂತು ಹೇಳಿದ್ರೆ ಆಯ್ತು. ಆಮೇಲೆ ಮೂರು ತಿಂಗಳೊಳಗೆ ಇಬ್ಬರೂ ಷೆರಿಫ್ ನ್ಯಾಯಾಧೀಶನ ಹತ್ರ ಹೋಗಿ ದಾಖಲು ಮಾಡಿಸ್ಬೇಕಿತ್ತು. ಅದೊಂದು ಆಗಲಿಲ್ಲ. ಅಪ್ಪ ಮಾರನೇ ದಿನ ಬೆಳಿಗ್ಗೆನೇ ಯುದ್ಧದ ಹಡಗು ಹತ್ತಿ ಹೋದ. ಸಮುದ್ರದಲ್ಲಿ ಶತ್ರುಗಳು ಹುದುಗಿಸಿಟ್ಟ ಸಿಡಿಗುಂಡು ಹುಡುಕಿ ತೆಗೆಯೋ ಕೆಲಸ. ಹೆಸರು ಓದು.

…

ಎಲ್ಸ್‌ಪೆತ್ ಪಿರೀ. ಅದೇ ನಮ್ಮಮ್ಮ. ವಿಲಿಯಂ ಫ್ಲೆಟ್, ಮೀನುಗಾರ. ದೇವರು ದೊಡ್ಡವನು. ನಂಗೆ ಈಗ ಅಳು ಬರ್ತಾ ಇದೆ, ನೀನೇನೂ ಅಂದ್ಕೋಬೇಡ.

…

ಯಾಕೆ ಬೇಕಿತ್ತು ಅಂದ್ರೆ ಕಲ್ಲಿಗಮ್ಮ. ಅಮ್ಮನ ಸಮಾಧಿ ಮೇಲೆ ಬರೀ ಹೆಸರಿದೆ, ಇನ್ನೇನಿಲ್ಲ. ನಮ್ಮ ಸ್ಮಶಾನ ನೋಡಿದೀಯಾ ನೀನು? ಪ್ರತಿ ಹೆಂಗಸಿಗೂ ಇಂಥವನ ಹೆಂಡತಿ ಅಂತ ಕೆತ್ತಿರುತ್ತೆ. ಅಮ್ಮನದೊಂದೇ ಬೋಳು. ನಾನು ಹೋದ ಮೇಲೆ ಆ ಬೋಳು ಕಲ್ಲು ನೋಡೋಕೂ ಯಾರೂ ಇರಲ್ಲ. ಅದಕ್ಕೇ ಕೆತ್ತಿಸಿಬಿಡೋಣ ಅಂತ. ಸ್ಮಶಾನದ ಆಫೀಸಿನವರು ಪುರಾವೆ ತಗೊಂಡ್ ಬಾ ಅಂದ್ರು. ಕಲ್ಲು ಕೆತ್ತೋನು ಸೋಮವಾರ ಬರ್ತಾನೆ. ವಿಲಿಯಂ ಫ್ಲೆಟ್ ಕೋಸ್ಟಿಯ ಹೆಂಡತಿ ಅಂತ ಬರೆದುಕೊಟ್ಟೂ ಆಗಿದೆ.

…

ಕೋಸ್ಟಿ. ಅದು ಅಪ್ಪನ ಅಡ್ಡಹೆಸರು. ಯಾಕೆ, ಅಲ್ಲಿ ಬರೆದಿಲ್ವಾ?

…

ಅದು ವಕೀಲನ ತಪ್ಪು. ಅವನು ಪೇಟೆಯವನು, ಅವನಿಗೇನು ಗೊತ್ತು. ನೋಡು ಮಗಳೇ, ನಿಂಗೂ ಗೊತ್ತಿರಲ್ಲ. ನಮ್ಮೂರಲ್ಲಿ ಇರೋದೇ ನಾಲ್ಕು ಮನೆತನ. ಮೊದಲನೇ ಮಗನಿಗೆ ಅಜ್ಜನ ಹೆಸರು, ಎರಡನೇಯವನಿಗೆ ತಾಯಿ ಕಡೆ ಅಜ್ಜನದು. ಹಿಂಗಾಗಿ ಬೀದಿಲಿ ನಿಂತು ವಿಲಿಯಂ ಫ್ಲೆಟ್ ಅಂತ ಕೂಗಿದ್ರೆ ಎಂಟು ಬಾಗಿಲು ತೆಗೆಯುತ್ತೆ. ಅದಕ್ಕೇ ಅಡ್ಡಹೆಸರು. ಕೋಸ್ಟಿ, ಬುಲ್ಲನ್, ಶೇವಿ, ಪಮ್. ಅಂಚೆಯವನಿಗೂ ಬೇಕು, ಮತದಾರರ ಪಟ್ಟೀಲೂ ಬೇಕು. ಅಪ್ಪನಿಂದ ಮಕ್ಕಳಿಗೆ ಬರುತ್ತೆ.

…

ನಂಗಾ? ನಂಗಿಲ್ಲ. ಅಮ್ಮನ ಅಪ್ಪ ತಮ್ಮ ಮನೆ ಅಡ್ಡಹೆಸರು ಕೊಡಲ್ಲ ಅಂದ. ಅಪ್ಪನ ಕಡೆಯವರು ನಾವು ಯಾರೋ ಗೊತ್ತಿಲ್ಲ ಅಂದ್ರು. ಶಾಲೇಲಿ ಹಾಜರಿ ಕರೆಯುವಾಗ ಎಲ್ಲರಿಗೂ ಹೆಸರಿನ ಹಿಂದೆ ಅಡ್ಡಹೆಸರು, ನಂಗೆ ಮಾತ್ರ ಇಲ್ಲ. ನೆಟ್ಟಾ ಪಿರೀ, ಅಲ್ಲಿಗೆ ನಿಂತೋಗುತ್ತೆ. ಮಕ್ಕಳು ಆ ಖಾಲಿ ಜಾಗದಲ್ಲಿ ಕಿಸಕ್ಕಂತ ನಗೋವು. ಇವತ್ತಿಗೂ ಪಟ್ಟಿ ನೋಡಿದಾಗೆಲ್ಲ ಆ ನಗು ಕೇಳಿಸುತ್ತೆ.

…

ಅಪ್ಪ ನಲವತ್ತೆರಡರಲ್ಲಿ ಹಡಗು ಮುಳುಗಿ ಹೋದ. ಬಂದರಿನ ಸ್ಮಾರಕದ ಕಲ್ಲಲ್ಲಿ ಹೆಸರಿದೆ. ನಾನು ನಡೆಯೋಕೆ ಕಲಿತಾಗಿಂದ ಪ್ರತಿ ನವೆಂಬರ್, ಯುದ್ಧದಲ್ಲಿ ಸತ್ತವರನ್ನ ನೆನೆಯೋ ದಿನ, ಅಲ್ಲಿ ಹೂ ಇಡ್ತಾ ಬಂದೀನಿ. ಕೋಸ್ಟಿ ಮನೆಯವರು ಆ ಕಡೆ ನಿಲ್ಲೋರು, ನಾನು ಈ ಕಡೆ. ನಮಸ್ಕಾರ ಕೂಡ ಇಲ್ಲ. ಅವರು ನೋಡದೇ ಇದ್ದಷ್ಟೂ ನಾನು ದೊಡ್ಡ ಹೂ ತಗೊಂಡ್ ಹೋಗ್ತಿದ್ದೆ, ಹಟಕ್ಕೆ.

…

ಏನಮ್ಮ, ಯಾಕೆ ತಡವರಿಸ್ತೀಯಾ? ಏನೋ ಬಾಯಲ್ಲಿ ಇಟ್ಟುಕೊಂಡಿದೀಯ ನೀನು.

…

ಪೆಟ್ಟಿಗೆ ಕೋಸ್ಟಿ ಮನೇದಲ್ವಾ? ಮತ್ಯಾರದ್ದು?

…

ಬುಲ್ಲನ್?

…

ಹಹ್ಹಾ, ಪಾಪ. ಅದೇ ಹೇಳಿದ್ನಲ್ಲ ಮಗಳೇ, ತಪ್ಪು ಆಸಾಮಿನ ಹಿಡ್ಕೊಂಡು ಬಂದಿದೀಯ. ಬುಲ್ಲನ್ ವಿಲಿಯಂ ಬೇರೆ. ಆ ಮುದುಕ ಮೊನ್ನೆ ಮೊನ್ನೆ ತನಕ ಇದ್ದ, ತೊಂಬತ್ತೊಂಬತ್ತನೇ ಇಸವೀಲಿ ಹೋಗಿದ್ದು. ವಕೀಲರು ಕಾಗದಾನ ಬೇರೆ ಪೆಟ್ಟಿಗೆಗೆ ಹಾಕಿದಾರೆ ಅಷ್ಟೇ. ಒಂದೇ ಹೆಸರು ನೋಡು, ಯಾರಿಗಾದ್ರೂ ತಪ್ಪುತ್ತೆ. ನೀನು ಬೇಜಾರ್ ಮಾಡ್ಕೋಬೇಡ.

…

ಕಾಗದದಲ್ಲೇ ಇದೆಯಾ? ವಿಳಾಸ? ಹೇಳು.

…

ಹದಿನಾಲ್ಕು, ಶೋರ್ ರೋ.

…

ಇಲ್ಲ. ಇನ್ನೊಂದ್ಸಲ ನೋಡು. ಕೋಸ್ಟಿ ಮನೆ ಇರೋದು ಗುಡ್ಡದ ಮೇಲೆ, ಬಾವಿ ಹತ್ರ. ನಲವತ್ತು ಇರ್ಬೇಕು. ಹಳೇ ಅಂಕಿ ಓದೋಕೆ ಕಷ್ಟ ಅಲ್ವಾ?

…

ಅಕ್ಷರದಲ್ಲೂ ಬರೆದಿದಾರಾ… ಹದಿನಾಲ್ಕು ಅಂತ.

…

ಸಹಿ? ಏನಂತ ಮಾಡಿದಾನೆ?

…

ಇದೀನಮ್ಮ. ಇದೀನಿ. ವಕೀಲ ಬಿಟ್ರೂ ಅವನು ಬಿಡಲಿಲ್ಲ ನೋಡು. ಫ್ಲೆಟ್ ಅಂತ ಬರೆದು ಪಕ್ಕದಲ್ಲಿ ಬುಲ್ಲನ್. ನಮ್ಮ ಮೀನುಗಾರರು ಹಾಗೇ ಸಹಿ ಹಾಕೋದು. ಅದರಲ್ಲಿ ತಪ್ಪು ಆಗೋಕೆ ಸಾಧ್ಯವಿಲ್ಲ.

…

ಹದಿನಾಲ್ಕು ನಂಗೆ ಗೊತ್ತಿಲ್ವಾ? ನಾನು ಇರೋದು ಹದಿನೆಂಟು. ನಮ್ಮ ಸಾಲಲ್ಲಿ ಬರೀ ಸಮಸಂಖ್ಯೆ, ಮಧ್ಯ ಒಂದೇ ಮನೆ. ಇಲ್ಲಿಂದ ಬಗ್ಗಿದ್ರೆ ಅವನ ಬಾಗಿಲು ಕಾಣುತ್ತೆ. ಐವತ್ತೆಂಟು ವರ್ಷ ಆ ಬಾಗಿಲು ದಾಟಿಕೊಂಡು ಓಡಾಡಿದೀನಿ. ದಿನಾ. ದಿನಕ್ಕೆ ನಾಲ್ಕು ಸಲ.

…

ಇನ್ನೂ ಇದೆಯಾ? ಓದು. ಇಲ್ಲ, ಈಗಲೇ ಓದು. ನಾಳೆ ಅಂದ್ರೆ ರಾತ್ರಿಯೆಲ್ಲ ನಾನೊಬ್ಬಳೇ ಇದನ್ನ ಇಟ್ಕೊಂಡು ಏನ್ಮಾಡ್ಲಿ?

…

ವಕೀಲನ ಟಿಪ್ಪಣಿ, ನಲವತ್ತಾರನೇ ಇಸವಿ. ಹೂಂ. ರಜೆಯ ಮೇಲೆ ಬಂದಾಗ ಚರ್ಚಿನ ಹಿರಿಯರು ಇಬ್ಬರನ್ನೂ ಕರೆದು, ಮಗು ಯಾರದು, ಮದುವೆ ಆಗಿದೆಯೇ ಎಂದು ಕೇಳಿದರು… ಹೂಂ… ಕಕ್ಷಿದಾರನು ತನ್ನ ತಾಯಿಯ ಎದುರು ಬಾಯಿ ಬಿಡಲಿಲ್ಲ. ಬಾಯಿ ಬಿಡಲಿಲ್ಲ ಅಂತಾನೇ ಇದೆಯಾ?

…

ಆಮೇಲೆ?

…

ಯುದ್ಧ ಮುಗಿದು ಬಂದು ಪಶ್ಚಾತ್ತಾಪಪಟ್ಟು ಹೆಂಡತಿಯನ್ನು ಕೇಳಿಕೊಂಡಿದ್ದಾನೆ. ಆಕೆ ಒಪ್ಪುತ್ತಿಲ್ಲ. ಅವತ್ತು ಸುಮ್ಮನಿದ್ದವನು ಸಾಯೋತನಕ ಸುಮ್ಮನೇ ಇರು ಎಂದಿದ್ದಾಳೆ. ಕಾಗದವನ್ನು ಹರಿಯಬಾರದು, ಇಟ್ಟಿರಬೇಕು ಎಂದು ಕೋರಿದ್ದಾನೆ.

…

ಅದು ನಮ್ಮಮ್ಮನ ಮಾತೇ. ಅವಳ ದನೀಲೇ ಕೇಳಿಸ್ತು ನಂಗೆ. ಅವಳು ಒಂದ್ಸಲ ಮುಖ ತಿರುಗಿಸಿದ್ರೆ ಮುಗೀತು, ದೇವರೇ ಬಂದ್ರೂ ಈ ಕಡೆ ತಿರುಗಲ್ಲ. ಅದಕ್ಕೇ ನಂಗೆ ಅದೇ ಹೆಸರಿನ ಸತ್ತವನನ್ನ ಅಪ್ಪ ಅಂತ ತೋರಿಸಿದ್ಲು. ಅವನು ಎದ್ದು ಬಂದು ಅಲ್ಲ ಅನ್ನಲ್ವಲ್ಲ. ಈ ಬುಲ್ಲನ್ನೂ ಅನ್ನಲಿಲ್ಲ. ಹೇಳಿದ ಮಾತು ಕೇಳಿದ ನೋಡು, ಸುಮ್ಮನೇ ಇದ್ದ.

…

ಹೇಗಿದ್ದ ಅಂದ್ರೆ ಏನು ಹೇಳ್ಲಿ? ಉದ್ದಕ್ಕಿದ್ದ. ಸ್ವಲ್ಪ ಕುಂಟು. ಮದುವೆ ಆಗಲಿಲ್ಲ. ಜನ ಅದಕ್ಕೂ ಆಡ್ಕೊಳೋರು. ಬಂದರಿನ ಕಟ್ಟೆ ಮೇಲೆ ಬಲೆ ಹೊಲೀತಾ ಕೂತಿರ್ತಿದ್ದ. ನಾನು ಮೀನು ಕಾರ್ಖಾನೆಗೆ ಹೋಗುವಾಗ ತಲೆ ಎತ್ತಿ ನೋಡ್ತಿದ್ದ, ವಾಪಸ್ ಬರುವಾಗ ನೋಡ್ತಿದ್ದ. ಮುದುಕನಿಗೆ ಕಣ್ಣು ನೆಟ್ಟಗಿಲ್ಲ ಅಂತ ನಾವು ಹುಡುಗೀರು ಬೈಕೋತಿದ್ವಿ. ನಾನು ಒಂದ್ಸಲ ಕೇಳಿಸೋ ಹಾಗೇ ಬೈದೆ. ಅವನು ಬಲೆ ಕಡೆ ತಲೆ ಬಗ್ಗಿಸಿದ.

…

ಶನಿವಾರ ಶನಿವಾರ ನಮ್ಮ ಬಾಗಿಲ ಹಿಡಿಗೆ ಎರಡು ಹ್ಯಾಡಕ್ ಮೀನು ನೇತಾಡ್ತಿರ್ತಿತ್ತು. ಯಾರಮ್ಮ ಹಾಕೋದು ಅಂದ್ರೆ, ನಿಮ್ಮಪ್ಪನ ಜೊತೆಗಾರರು ಅನ್ನೋಳು. ಬಿಡಿಸಿ ಉಪ್ಪು ಹಚ್ಚೋಳು. ಮೀನು ಬೇಕು, ಮನುಷ್ಯ ಬೇಡ. ಎಂಥ ಹೆಂಗಸು ನಮ್ಮಮ್ಮ. ನಂಗೀಗ ಅವಳ ಮೇಲೆ ಕೋಪ ಬರ್ತಾ ಇದೆ, ಮಗಳೇ. ಇಷ್ಟು ವರ್ಷದಲ್ಲಿ ಮೊದಲನೇ ಸಲ.

…

ನೀನು ಫೋನ್ ಇಡ್ಬೇಕಾ? ಮುಚ್ಚೋ ಹೊತ್ತಾಯ್ತಾ? ನಾಲ್ಕೂವರೆಗೆ ಅಲ್ವಾ, ಇನ್ನೂ ಹತ್ತು ನಿಮಿಷ ಇದೆ ನಮ್ಮ ಗಡಿಯಾರದಲ್ಲಿ.

…

ಇನ್ನೊಂದು ಹಾಳೆ? ಯಾವತ್ತಿನದು?

…

ತೊಂಬತ್ತೆಂಟು. ಅಂದ್ರೆ ಅವನು ಹೋಗೋಕೆ ಒಂದು ವರ್ಷ ಮುಂಚೆ. ಏನು ಹಾಳೆ ಅದು? ಪಟ್ಟಿ ಅಂದ್ರೆ, ಎಂಥ ಪಟ್ಟಿ? ಚಿತ್ರ ಇದೆಯಾ?

…

ಉದ್ದನೆ ಪೆಟ್ಟಿಗೆ, ಸುತ್ತ ಒಂದರಿಂದ ಎಂಟರ ತನಕ ಅಂಕಿ. ಗೊತ್ತು ಬಿಡು. ನಿಮ್ಮ ಕಡೆ ಈಗ ಎಲ್ಲಾ ಸುಡ್ತಾರೆ, ಅದಕ್ಕೇ ನಿಂಗೆ ಗೊತ್ತಾಗಲಿಲ್ಲ. ಅದು ಹಗ್ಗದ ಪಟ್ಟಿ. ಗುಣಿಗೆ ಇಳಿಸೋಕೆ ಶವಪೆಟ್ಟಿಗೆಗೆ ಎಂಟು ಹಗ್ಗ ಇರುತ್ತೆ. ಯಾರು ಯಾವುದನ್ನ ಹಿಡೀಬೇಕು ಅಂತ ಮೊದಲೇ ಬರೀತಾರೆ. ತಲೆ ಹತ್ರದ್ದು ಒಂದನೇದು, ಅದು ತೀರಾ ಹತ್ರದ ರಕ್ತಕ್ಕೆ. ಮಗ ಇದ್ರೆ ಮಗನಿಗೆ. ಕಾಲ ಹತ್ರದ್ದು ಎರಡನೇದು. ಆಮೇಲೆ ತಮ್ಮಂದಿರು, ಅಳಿಯಂದಿರು, ಗೆಳೆಯರು. ಹಗ್ಗ ಕೊಡಲಿಲ್ಲ ಅಂತ ಮೂರು ತಲೆಮಾರು ಮಾತು ಬಿಟ್ಟ ಮನೆಗಳಿವೆ ನಮ್ಮಲ್ಲಿ. ಓದು ನೋಡೋಣ, ಯಾರ್ಯಾರಿಗೆ ಕೊಟ್ಟಿದ್ದ ಮುದುಕ?

…

ಒಂದನೇದು ಬಿಟ್ಟು ಎರಡರಿಂದ ಯಾಕೆ ಓದ್ತಾ ಇದೀಯ?

…

ಓದಮ್ಮ. ಪರವಾಗಿಲ್ಲ.

…

ಇನ್ನೊಂದ್ಸಲ.

…

ಒಂದನೇ ಹಗ್ಗ ನೆಟ್ಟಾ, ನನ್ನ ಮಗಳು. ಬರದಿದ್ದರೆ ಬಲವಂತ ಮಾಡಬೇಡಿ. ಬೇರೆ ಯಾರಿಗೂ ಕೊಡಬೇಡಿ.

…

ಮಗಳು ಅಂತಾನೇ ಬರೆದಿದಾನಾ? ಅವನದೇ ಅಕ್ಷರಾನಾ?

…

ಇಲ್ಲ. ಯಾರೂ ತಂದುಕೊಡಲಿಲ್ಲ. ಸಾವು ಬಂದಿದ್ದು ಬುಧವಾರ, ಮಣ್ಣು ಮಾಡಿದ್ದು ಶನಿವಾರ. ವಕೀಲ ಮುದುಕ ಆಗ ಆಸ್ಪತ್ರೇಲಿ ಬಿದ್ದಿದ್ದ, ಪೆಟ್ಟಿಗೆ ಯಾರು ತೆಗೀತಾರೆ? ತಮ್ಮನ ಮಗ ಅಲೆಕ್ ಎಲ್ಲಾ ನೋಡ್ಕೊಂಡ. ಒಂದನೇದು ಅವನೇ ಹಿಡಿದ. ಅವನ ತಪ್ಪಲ್ಲ, ಅವನಿಗೇನು ಗೊತ್ತಿತ್ತು.

…

ನಾನು ಹೋಗಲಿಲ್ಲಮ್ಮ. ಬರೀ ಹೋಗದೇ ಇದ್ದಿದ್ರೆ ಪರವಾಗಿರಲಿಲ್ಲ. ಶವ ಹೊರಡೋ ದಿನ ಬೀದಿಯಲ್ಲಿ ಎಲ್ಲರೂ ಕಿಟಕಿ ಪರದೆ ಇಳಿಸ್ತಾರೆ, ಯಾರೇ ಸತ್ರೂ, ಜಗಳ ಇದ್ದವರು ಸತ್ರೂ. ನಾನು ಇಳಿಸಲಿಲ್ಲ. ಅಷ್ಟೇ ಅಲ್ಲ, ದಡದ ಹುಲ್ಲಿನ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ್ದೆ. ನನ್ನ ಹಾಸಿಗೆ ಬಟ್ಟೆ ಗಾಳಿಗೆ ಪಟಪಟ ಅಂತಿದ್ರೆ ಅದರ ಕೆಳಗೇ ಅವನನ್ನ ಹೊತ್ಕೊಂಡು ಹೋದ್ರು. ಒಬ್ಬನೂ ನನ್ನ ಏನೂ ಕೇಳಲಿಲ್ಲ. ಅಪ್ಪನಿಲ್ಲದೋಳು, ಇವಳಿಗೆ ಯಾರು ಕಲಿಸ್ತಾರೆ ಅಂದ್ಕೊಂಡಿರ್ತಾರೆ.

…

ಇಲ್ಲ, ನೀನು ಸಮಾಧಾನ ಹೇಳ್ಬೇಡ. ನೀನು ಒಳ್ಳೇ ಹುಡುಗಿ. ಆದ್ರೆ ಗೊತ್ತಿರಲಿಲ್ಲ ಅಂತ ನೀನಂದ್ರೆ ನಾನು ಅದನ್ನ ಹಿಡ್ಕೊಂಡು ಕೂತ್ಬಿಡ್ತೀನಿ. ಹೆಣದ ಮುಂದೆ ಬಟ್ಟೆ ಹಾರಿಸಬಾರದು ಅನ್ನೋದಕ್ಕೆ ಅವನು ಅಪ್ಪ ಆಗಿರ್ಬೇಕಾಗಿರಲಿಲ್ಲ.

…

ಕಲ್ಲಾ? ಕೆತ್ತಿಸ್ತೀನಿ. ಕೋಸ್ಟಿ ಅನ್ನೋದು ಹೊಡೆದುಹಾಕಿ ಬುಲ್ಲನ್ ಅಂತ ಬರೆದುಕೊಡ್ತೀನಿ. ಅಮ್ಮ ಒಳಗಿಂದ ಗೊಣಗಿದ್ರೆ ಗೊಣಗಲಿ. ಅವಳಿಗೆ ಬೇಕಿದ್ದಾಗ ಅವಳು ಸುಳ್ಳು ಹೇಳಿದ್ಲು, ಈಗ ನಂಗೆ ಬೇಕು, ನಾನು ನಿಜ ಹೇಳ್ತೀನಿ. ನೀನು ನಕಲು ಕಳಿಸು. ಎರಡೂ ಕಳಿಸು, ಮದುವೇದೂ ಹಗ್ಗದ್ದೂ.

…

ಯಾಕೆ ಅಷ್ಟು ದ್ವೇಷ ಅಂತ ಕೇಳ್ತೀಯಾ? ದ್ವೇಷ ಅಂತಲ್ಲ… ಅವನ ಮುಖ ನೋಡೋಕಾಗ್ತಿರಲಿಲ್ಲ ನಂಗೆ. ಅದಕ್ಕೆ ಕಾರಣ ಇದೆ. ಯಾರಿಗೂ ಹೇಳಿಲ್ಲ ನಾನು. ಹೇಳೋಕೆ ಯಾರೂ ಇಲ್ಲ ಅನ್ನೋದು ಬೇರೆ ಮಾತು. ನಿಂಗೆ ಐದು ನಿಮಿಷ ಇದೆಯಾ?

…

ಎಪ್ಪತ್ತೊಂದರಲ್ಲಿ ಅಮ್ಮ ಹೋದ್ಲು. ನಂಗೆ ಮೂವತ್ತು. ಹಗ್ಗದ ಪಟ್ಟಿ ನಾನೇ ಬರೀಬೇಕಾಯ್ತು, ಮನೇಲಿ ಇನ್ಯಾರಿದಾರೆ? ಆಗೆಲ್ಲ ಹೆಂಗಸರು ಗುಣಿ ಹತ್ರ ಹೋಗೋ ಹಾಗಿರಲಿಲ್ಲ, ಗಂಡಸರೇ ಬೇಕು. ಎಂಟು ಜನ ಗಂಡಸರನ್ನ ನಾನೆಲ್ಲಿಂದ ತರ್ಲಿ? ಬೀದಿಲಿ ಒಂದೊಂದೇ ಬಾಗಿಲು ಬಡಿದು ಕೇಳಿಕೊಂಡೆ. ಬೇಕರಿಯವನು ಬಂದ, ಕಾರ್ಖಾನೆ ಮೇಸ್ತ್ರಿ ಬಂದ. ಎಷ್ಟು ನಾಚಿಕೆ ಆಗ್ತಿತ್ತು ಗೊತ್ತಾ, ಸ್ವಂತ ತಾಯಿಗೆ ಕೈ ಕೊಡೋಕೆ ಭಿಕ್ಷೆ ಬೇಡಿದ ಹಾಗೆ.

…

ಹದಿನಾಲ್ಕರ ಬಾಗಿಲು ಬಿಟ್ಟು ಎಲ್ಲಾ ಬಡಿದೆ. ಸಾಯಂಕಾಲ ಅವನೇ ಬಂದ. ಹಿತ್ತಿಲ ಬಾಗಿಲಿಗೆ. ಟೋಪಿ ಕೈಲಿ ಹಿಡ್ಕೊಂಡಿದ್ದ. ನೆಟ್ಟಾ, ಒಂದು ಹಗ್ಗ ಕೊಡ್ತೀಯಾ ಅಂದ. ಯಾವುದಾದ್ರೂ ಸರಿ, ಕೊನೇದಾದ್ರೂ ಸರಿ ಅಂದ. ಅದಕ್ಕೆ ಮುಂಚೆ ಅವನ ದನಿ ನಾನು ಕೇಳಿರಲೇ ಇಲ್ಲ. ಹೆಣ್ಣಿನ ದನಿ ಥರ ಮೆತ್ತಗಿತ್ತು. ನಂಗೆ ಎಲ್ಲಿಲ್ಲದ ಸಿಟ್ಟು ಬಂತು, ಇವನು ಯಾರು ನಮ್ಮಮ್ಮನ ಹಗ್ಗ ಕೇಳೋಕೆ ಅಂತ.

…

ಎಂಟೂ ತುಂಬಿದೆ ಅಂದೆ. ಬಾಗಿಲು ಹಾಕ್ಕೊಂಡೆ. ಅವನು ತುಂಬಾ ಹೊತ್ತು ಅಲ್ಲೇ ನಿಂತಿದ್ದ, ಹೊರಟುಹೋಗೋ ಬೂಟಿನ ಸದ್ದು ಕೇಳಿಸಲಿಲ್ಲ. ಆ ಶನಿವಾರದಿಂದ ಮೀನು ಬರೋದು ನಿಂತೋಯ್ತು. ಅಮ್ಮನನ್ನ ಮಣ್ಣು ಮಾಡುವಾಗ ಸ್ಮಶಾನದ ಗೋಡೆ ಆಚೆ ನಿಂತು ನೋಡಿದ್ದಾನೆ, ಒಳಗೆ ಬರಲಿಲ್ಲ ಅಂತ ಬೇಕರಿಯವನು ಹೇಳಿದ.

…

ಇರು, ಇನ್ನೊಂದಿದೆ. ಅದನ್ನ ಹೇಳಿಬಿಡ್ತೀನಿ, ಆಮೇಲೆ ನೀನು ಇಟ್ಟುಬಿಡು.

…

ತುಂಬಿರಲಿಲ್ಲ, ಮಗಳೇ. ಏಳೇ ಜನ ಸಿಕ್ಕಿದ್ದು. ಎಂಟನೇದನ್ನ ಕೊನೆಗೆ ಗುಣಿ ತೋಡಿದವನ ಕೈಗೆ ಕೊಟ್ರು. ಕೂಲಿಯವನು, ಬೇರೆ ಊರಿನವನು, ಅಮ್ಮನ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಅವಳ ಗಂಡ ಗೋಡೆ ಆಚೆ ನಿಂತಿದ್ದ…

…

ಹಲೋ? ಮಗಳೇ, ಕೇಳಿಸ್ತಾ?

…

ಏಳೇ ಜನ ಅಂದೆ. ಒಂದು ಖಾಲಿ ಇತ್ತು. ಹಲೋ… ಮಿಸ್ ಡ್ರೈಸ್‌ಡೇಲ್? ಎಲ್ಲಿ ತನಕ ಕೇಳಿಸ್ತಮ್ಮ ನಿಂಗೆ? ಹಲೋ…